ಮನೆ ವರ್ಕ್‌ಶಾಪಿಗೆ ಯಾವ ಬ್ಯಾಂಡ್‌ಸಾ? ಮೊದ್ಲು ಮರ ಅಳೀರಿ, ಆಮೇಲೆ ಕರೆಂಟು

ತೀರ್ಥಹಳ್ಳಿ ಕಡೆಯ ಓದುಗರೊಬ್ರ ಪ್ರಶ್ನೆ: "ಮನೆ ಹಿಂದಿನ ಹಳೇ ಕೊಟ್ಟಿಗೇನ ವರ್ಕ್‌ಶಾಪ್ ಮಾಡ್ಕೊಂಡಿದೀನಿ. ಅಜ್ಜನ ಕಾಲದ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ತೊಲೆ, ಹೊನ್ನೆ ಹಲಗೆ, ಮತ್ತಿ ಪಕಾಸಿ ಎಲ್ಲ ಅಟ್ಟದ ಮೇಲಿದೆ. ಅದ್ರಲ್ಲಿ ಕುರ್ಚಿ, ಟೀಪಾಯಿ, ಮಕ್ಕಳ ಆಟಿಕೆ ಮಾಡೋ ಆಸೆ. ಬೆಂಚ್ ಮೇಲೆ ಇಡೋ 10 ಇಂಚಿನ ಬ್ಯಾಂಡ್‌ಸಾ ಸಾಕಾ, 14 ಇಂಚಿಂದು ಬೇಕಾ? ಶಿವಮೊಗ್ಗದಲ್ಲಿ ಒಬ್ರು ಆಚಾರ್ರು ಶೆಡ್ ಮುಚ್ತಾ ಇದಾರೆ, ಅವ್ರ 18 ಇಂಚಿನ ಹಳೇ ಮೆಷಿನ್ ಹೊಸ 14ರ ರೇಟಿಗೇ ಸಿಗ್ತದೆ, ಅದು ತಗೊಳ್ಳೋದಾ? ಮನೇಲಿರೋದು ಸಿಂಗಲ್ ಫೇಸ್."

ಬ್ಯಾಂಡ್‌ಸಾ ಅಂದ್ರೆ ಮೇಲೊಂದು ಕೆಳಗೊಂದು ಚಕ್ರದ ಮೇಲೆ ಬೆಲ್ಟಿನ ಥರ ಸುತ್ತೋ ಬ್ಲೇಡಿನ ಗರಗಸದ ಮೆಷಿನ್. ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಕಾರಣ ಆಮೇಲೆ. ನೀವು 14 ಇಂಚಿಂದು ತಗೊಳ್ಳಿ, ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್ ಇರೋದು, ಮತ್ತೆ ಇಟ್ಟಿರೋ ದುಡ್ಡೆಲ್ಲ ಮೆಷಿನಿಗೇ ಸುರೀಬೇಡಿ, ಐದರಲ್ಲಿ ಒಂದು ಭಾಗ ಬ್ಲೇಡಿಗೆ ಮತ್ತೆ ವೈರಿಂಗಿಗೆ ತೆಗೆದಿಡಿ. 18 ಇಂಚಿನ ಹಳೇ ಮೆಷಿನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಕೆಲವು ಸಲ ಅದರಷ್ಟು ಒಳ್ಳೇ ವ್ಯಾಪಾರ ಬೇರೆ ಇರಲ್ಲ, ಆದ್ರೆ ಅದನ್ನ ನೋಡಿ ತಗೊಳ್ಳೋದು ಹೇಗೆ ಅಂತ ಗೊತ್ತಿರ್ಬೇಕು, ಅದನ್ನ ಕೆಳಗೆ ಬಿಡಿಸಿ ಬರೆದಿದೀನಿ.

ಎಲ್ಲರೂ ಮೊದ್ಲು ಕೇಳೋದೇ ಇಂಚು. 10, 14, 18 ಅಂತಾರಲ್ಲ, ಅದು ಚಕ್ರದ ಡಯಾಮೀಟರ್. ಅದ್ರಿಂದ ನೇರವಾಗಿ ಗೊತ್ತಾಗೋದು ಬ್ಲೇಡಿಗೂ ಪಕ್ಕದ ಕಂಬಕ್ಕೂ ನಡುವೆ ಎಷ್ಟು ಜಾಗ ಸಿಗ್ತದೆ ಅನ್ನೋದು ಮಾತ್ರ, 14 ಇಂಚಿನದ್ರಲ್ಲಿ ಸುಮಾರು 13ರಿಂದ 13.5 ಇಂಚು. ನಿಮ್ಮ ಕೆಲಸಕ್ಕೆ ಆ ಅಳತೆ ಅಷ್ಟು ಮುಖ್ಯ ಅಲ್ಲ. ನೀವು ನೋಡ್ಬೇಕಿರೋದು ಟೇಬಲ್ ಮೇಲಿಂದ ಮೇಲಿನ ಗೈಡ್ (ಬ್ಲೇಡ್ ಆಚೀಚೆ ಸರಿಯದ ಹಂಗೆ ಹಿಡಿಯೋ ಭಾಗ) ತನಕ ಎಷ್ಟು ಎತ್ತರದ ಮರ ಹೋಗ್ತದೆ ಅನ್ನೋದು, ಯಾಕಂದ್ರೆ ತೊಲೆ ಸೀಳಿ ಹಲಗೆ ತೆಗೆದ್ರೆ ಆ ಹಲಗೆಯ ಅಗಲ ಅಂದ್ರೆ ಈ ಎತ್ತರಾನೇ. ಹೇಗಂದ್ರೆ, ನಿಮ್ಮ ಹಲಸಿನ ತೊಲೆ 7 ಇಂಚು 5 ಇಂಚು ಇದೆ ಅಂತ ಇಟ್ಕೊಳ್ಳಿ. ಅದನ್ನ 5 ಇಂಚು ಮೇಲಕ್ಕೆ ಬರೋ ಹಂಗೆ ಟೇಬಲ್ ಮೇಲೆ ಮಲಗಿಸಿದ್ರೆ 5 ಇಂಚು ಅಗಲದ ಹಲಗೆ ಬರ್ತದೆ, 7 ಇಂಚಿನ ಹಲಗೆ ಬೇಕು ಅಂದ್ರೆ 7 ಇಂಚು ಎತ್ತರ ನಿಲ್ಲಿಸಿಯೇ ಸೀಳ್ಬೇಕು.

ಅಮೆರಿಕದ ಡೆಲ್ಟಾ ಕಂಪನಿಯ ಹಳೇ 14 ಇಂಚಿನ ಬೀಡಿನ (ಎರಕದ ಕಬ್ಬಿಣದ) ಡಿಸೈನ್ ಇದೆಯಲ್ಲ, ತೈವಾನು ಚೀನಾ ಎಲ್ಲ ಕಡೆ ಅದರ ಕಾಪಿ ಆಗಿದೆ, ಅದರ ಎತ್ತರ 6 ಇಂಚು, ಬ್ಲೇಡ್ ಉದ್ದ 93.5 ಇಂಚು. ಫ್ರೇಮಿನ ನಡುವೆ ಅದನ್ನ ಎತ್ತರಿಸೋ 6 ಇಂಚಿನ ತುಂಡು, ರೈಸರ್ ಬ್ಲಾಕ್ ಅಂತಾರೆ, ಕೂರಿಸಿದ್ರೆ 12 ಇಂಚು ಆಗ್ತದೆ, ಆಗ ಬ್ಲೇಡ್ 105 ಇಂಚಿಂದು ಬೇಕು. ಕ್ಯಾಟಲಾಗಲ್ಲಿ ಇದನ್ನ ದೊಡ್ಡದಾಗಿ ಹಾಕಿರ್ತಾರೆ. ಆದ್ರೆ ಫ್ರೇಮ್ ಉದ್ದ ಆಯ್ತು, ಮೋಟರ್ ಅದೇ, ಬ್ಲೇಡ್ ಬಿಗಿ ಹಿಡಿಯೋ ಸ್ಪ್ರಿಂಗ್ ಅದೇ, 12 ಇಂಚಿನ ಗಟ್ಟಿ ಮತ್ತಿ ಮರ ಸೀಳೋಕೆ ಅದು ಒದ್ದಾಡ್ತದೆ. ಈಗ ಸ್ಟೀಲ್ ಶೀಟಿನ ಡಬ್ಬಿ ಫ್ರೇಮಲ್ಲೇ 10 ಇಂಚು ಆಚೀಚೆ ಎತ್ತರ ಕೊಡೋ 14 ಇಂಚಿನ ಮೆಷಿನ್‌ಗಳು ಬರ್ತವೆ, ಎರಡೂ ಒಂದೇ ರೇಟಿನ ಹತ್ರ ಸಿಕ್ಕಿದ್ರೆ ಕಣ್ಣುಮುಚ್ಚಿ ಸ್ಟೀಲ್ ಫ್ರೇಮಿಂದು ತಗೊಳ್ಳಿ. ಸಿಗ್ಲಿಲ್ಲ ಅಂದ್ರೂ ಬೇಜಾರು ಬೇಡ, ಟೀಪಾಯಿ ಮೇಲ್ಭಾಗಕ್ಕೆ 5 ಇಂಚಿನ ನಾಲ್ಕೈದು ಹಲಗೆ ಜೋಡಿಸಿ ಅಂಟಿಸಿದ್ರೆ ಒಂದೇ ಅಗಲದ ಹಲಗೆಗಿಂತ ಚೆನ್ನಾಗಿ ಕೂತಿರ್ತದೆ, ಮಳೆಗಾಲದಲ್ಲಿ ಕಮ್ಮಿ ಸೊಟ್ಟ ಆಗ್ತದೆ. ಹಾಗಾಗಿ ಇವತ್ತು ಸಂಜೆ ಅಟ್ಟ ಹತ್ತಿ ಟೇಪ್ ಹಿಡಿದು ಎಲ್ಲ ತುಂಡಿನ ಚಿಕ್ಕ ಮಗ್ಗುಲು ಅಳೆದು ಬರ್ಕೊಳ್ಳಿ. ಮುಕ್ಕಾಲುವಾಸಿ 6 ಇಂಚಿನ ಒಳಗೇ ಇದ್ರೆ ನಿಮ್ಮ ತಲೆಬಿಸಿ ಅರ್ಧ ಮುಗೀತು.

10 ಇಂಚಿನ ಬೆಂಚ್ ಮೆಷಿನ್ ಬಗ್ಗೆ ಜಾಸ್ತಿ ಬರೆಯಲ್ಲ. ಅದ್ರಲ್ಲಿ ಮೂರೂವರೆಯಿಂದ ಐದು ಇಂಚಿನ ತನಕ ಎತ್ತರ, ಅರ್ಧ ಎಚ್‌ಪಿ ಆಚೀಚೆ ಮೋಟರ್. ಸಿಲ್ವರ್ ಓಕ್, ಮಾವು, ಪ್ಲೈವುಡ್ಡಲ್ಲಿ ಆಟಿಕೆ, ಸೌಟು, ಸಣ್ಣ ಡಬ್ಬಿ ಮಾಡೋರಿಗೆ ಅದು ಬೇಕಾದಷ್ಟು. ನಿಮ್ಮ ಹತ್ರ ಇರೋದು ಹೊನ್ನೆ ಮತ್ತಿ, ಅದೂ ಎಷ್ಟೋ ವರ್ಷ ಅಟ್ಟದ ಹೊಗೆ ಕುಡಿದು ಒಣಗಿ ಕಬ್ಬಿಣದಂತಾಗಿರೋದು. ಅದನ್ನ 4 ಇಂಚು ಎತ್ತರ ಸೀಳೋಕೆ ಹೋದ್ರೆ ಸಣ್ಣ ಮೋಟರ್ ಕೂತ್ಬಿಡ್ತದೆ. ನಡುವಿನದ್ದು 12 ಇಂಚಿನ ಕ್ಲಾಸ್, ಮಕಿಟಾದ 12 ಇಂಚಿಂದು ಇದೆಯಲ್ಲ, 165 ಎಂಎಂ ಎತ್ತರ, 900 ವ್ಯಾಟ್, ಜಾಗ ಕಮ್ಮಿ ಇದ್ದೋರಿಗೆ ಅಂಥದ್ದು ಆಗ್ತದೆ. ಕೊಟ್ಟಿಗೇಲಿ ನಿಮಗೆ ಜಾಗದ ತೊಂದರೆ ಇಲ್ಲ.

ಈಗ ಫ್ರೇಮ್ ವಿಷಯ. ಮೆಷಿನ್ ಒಳ್ಳೇದಾ ಕೆಟ್ಟದ್ದಾ ಅಂತ ಗೊತ್ತಾಗೋದು ಅದು ಬ್ಲೇಡನ್ನ ಎಷ್ಟು ಬಿಗಿ ಹಿಡೀತದೆ ಅನ್ನೋದ್ರಲ್ಲಿ. ಎತ್ತರದ ಮರ ಸೀಳುವಾಗ ಬ್ಲೇಡಿಗೆ ಬೇಕಾದ ಬಿಗಿ ಇಲ್ಲ ಅಂದ್ರೆ ಅದು ಮರದ ಒಳಗೆ ಹೊಟ್ಟೆ ಬಿಡ್ತದೆ, ಮೇಲೆ ಗೆರೆ ಮೇಲೇ ಹೋಗ್ತಿರ್ತದೆ, ಕೆಳಗೂ ಸರಿ ಇರ್ತದೆ, ಹಲಗೆ ಬಿಡಿಸಿ ನೋಡಿದ್ರೆ ನಡುವೆ ಬಾಗಿ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳ್ಳಗೆ. 14 ಇಂಚಿನ ಮೆಷಿನ್ ಮೇಲೆ "ಮುಕ್ಕಾಲಿಂಚಿನ ಬ್ಲೇಡ್ ತನಕ ಹಾಕ್ಬೋದು" ಅಂತ ಬರೆದಿರ್ತಾರೆ. ಹಾಕ್ಬೋದು, ಕೂರ್ತದೆ, ಆದ್ರೆ ಆ ಬ್ಲೇಡಿಗೆ ಬೇಕಾದಷ್ಟು ಬಿಗಿ ಕೊಡೋ ಶಕ್ತಿ ಅದರ ಸ್ಪ್ರಿಂಗಿಗೂ ಇಲ್ಲ ಫ್ರೇಮಿಗೂ ಇಲ್ಲ. ಪೂರಾ ಬಿಗಿ ಮಾಡಿದ ಅರ್ಧ ಇಂಚಿನ ಬ್ಲೇಡ್, ಅರೆಬರೆ ಬಿಗಿ ಮಾಡಿದ ಮುಕ್ಕಾಲಿಂಚಿಗಿಂತ ನೇರ ಕೊಯ್ತದೆ. ಇದನ್ನ ನಾನು ಎಷ್ಟು ಜನಕ್ಕೆ ಹೇಳಿದ್ರೂ ಅಗಲದ ಬ್ಲೇಡೇ ಬೇಕು ಅಂತ ಹಟ ಮಾಡ್ತಾರೆ. ಬ್ಲೇಡಿನ ದಪ್ಪಕ್ಕೂ ಒಂದು ಹಳೇ ಲೆಕ್ಕ ಇದೆ, ಚಕ್ರದ ಡಯಾಮೀಟರಿನ ಸಾವಿರದಲ್ಲೊಂದು ಭಾಗ ಅಂತ, ಅಂದ್ರೆ 14 ಇಂಚಿಗೆ 0.014. ಮಾಮೂಲಿ ಸಿಗೋದು 0.025 ಇಂಚಿಂದು, ಅದೂ ನಡೀತದೆ ಆದ್ರೆ ಚಕ್ರದ ಸುತ್ತ ಬಾಗಿ ಬಾಗಿ ಬೇಗ ಬಿರುಕು ಬಿಡ್ತದೆ. 0.032ರದ್ದು 14ಕ್ಕೆ ಬೇಡವೇ ಬೇಡ.

ಇನ್ನು ಕರೆಂಟು, ಮಲೆನಾಡಲ್ಲಿ ಮೆಷಿನ್ ಸಾಯೋದೇ ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಪೂರಾ ಲೋಡಲ್ಲಿ ಸುಮಾರು 8-9 ಆಂಪ್ಸ್ ಎಳೀತದೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಐದಾರು ಪಟ್ಟು. ಟ್ರಾನ್ಸ್‌ಫಾರ್ಮರ್ ದೂರ ಇದ್ದು, ಕಂಬದಿಂದ ಮನೆಗೆ, ಮನೆಯಿಂದ ಕೊಟ್ಟಿಗೆಗೆ ಅಂತ ತೆಳ್ಳಗಿನ ವೈರ್ ಎಳೆದಿದ್ರೆ ಆ ಕ್ಷಣದಲ್ಲಿ ವೋಲ್ಟೇಜ್ ಬಿದ್ಹೋಗ್ತದೆ. ಮೋಟರಿನ ತಿರುಗೋ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳೀತದೆ, 230 ಇರ್ಬೇಕಾದ ಕಡೆ 180 ಬಂದ್ರೆ ಶಕ್ತಿ ಹತ್ತಿರತ್ತಿರ 60 ಪರ್ಸೆಂಟ್ ಮಾತ್ರ. ಆಗ ಮೋಟರ್ ಗುಂಯ್ ಅಂತ ನಿಂತಲ್ಲೇ ಒದರ್ತದೆ, ಬಿಸಿ ಆಗ್ತದೆ, ಮೊದ್ಲು ಕೆಪಾಸಿಟರ್ ಹೋಗ್ತದೆ, ಆಮೇಲೆ ವೈಂಡಿಂಗ್ ಸುಡ್ತದೆ.

ಮೆಷಿನ್ ತರೋ ಮುಂಚೆ ಈ ಟೆಸ್ಟ್ ಮಾಡಿ. ಕೊಟ್ಟಿಗೆಯ ಪ್ಲಗ್ಗಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಬರ್ಕೊಳ್ಳಿ, ಆಮೇಲೆ ಅದೇ ಬೋರ್ಡಿಗೆ 1500 ವ್ಯಾಟಿನ ನೀರು ಕಾಯಿಸೋ ಕಾಯಿಲ್ ಬಕೆಟ್ಟಲ್ಲಿ ಮುಳುಗಿಸಿ ಹಾಕಿ ಮತ್ತೆ ನೋಡಿ. ಆ ಕಾಯಿಲ್ ಸುಮಾರು ಆರೂವರೆ ಆಂಪ್ಸ್ ಎಳೀತದೆ. 2-3 ವೋಲ್ಟ್ ಇಳಿದ್ರೆ ಲೈನ್ ಗಟ್ಟಿ ಇದೆ. 10 ವೋಲ್ಟ್ ಇಳೀತು ಅಂದ್ರೆ ಮೋಟರ್ ಸ್ಟಾರ್ಟ್ ಆಗುವಾಗ 45 ಆಂಪ್ಸಿಗೆ ಹತ್ರ ಹತ್ರ 70 ವೋಲ್ಟ್ ಇಳೀತದೆ ಅಂತ ಅರ್ಥ, ಅಂಥ ಲೈನಲ್ಲಿ ಯಾವ ಮೆಷಿನ್ನೂ ಬದುಕಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಏಳು ಗಂಟೆಗೆ ಊರವರೆಲ್ಲ ಲೈಟು ಟಿವಿ ಹಾಕಿದ ಮೇಲೆ ಇನ್ನೊಂದು ಸಲ ನೋಡಿ. ಮೀಟರ್ ಬೋರ್ಡಿಂದ ಕೊಟ್ಟಿಗೆಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಇಷ್ಟು ಮಾಡಿಸ್ಕೊಳ್ಳಿ. ಅಷ್ಟಾದ್ರೂ ಇಳಿಯೋದು ನಿಲ್ಲದಿದ್ರೆ ತೊಂದರೆ ಕಂಬದ ಕಡೆ ಇದೆ, ಮೆಸ್ಕಾಂನೋರಿಗೇ ಹೇಳ್ಬೇಕು. ತೋಟದ ಪಂಪ್‌ಸೆಟ್ ಲೈನಿಂದ ಎಳೆಯೋ ಯೋಚನೆ ಬಂದಿದ್ರೆ ಬಿಟ್ಬಿಡಿ, ಅದು ಪಂಪಿಗೆ ಅಂತ ಕೊಟ್ಟ ಕನೆಕ್ಷನ್, ಕರೆಂಟು ಕೊಡೋ ಟೈಮೂ ನಮ್ಮ ಕೈಲಿ ಇಲ್ಲ.

ಸ್ವಿಚ್ ಬಗ್ಗೆ ಒಂದು ಮಾತು, ದಯವಿಟ್ಟು ಇದನ್ನ ಹಗುರ ಮಾಡ್ಬೇಡಿ. ಆಷಾಢದ ಗಾಳಿಮಳೇಲಿ ಕರೆಂಟು ಹೋಗೋದು ಬರೋದು ನಮ್ಮ ಕಡೆ ಹೇಳೋ ಹಂಗೇ ಇಲ್ಲ. ಕೊಯ್ತಾ ಇರುವಾಗ ಕರೆಂಟ್ ಹೋಯ್ತು, ನೀವು ಬ್ಲೇಡಿನ ಹತ್ರ ಸಿಕ್ಕಿದ ತುಂಡು ಎಳೆಯೋಕೆ ಕೈ ಹಾಕಿದ್ರಿ, ಅಷ್ಟರಲ್ಲಿ ಕರೆಂಟ್ ಬಂತು. ಮಾಮೂಲಿ ಟಾಗಲ್ ಸ್ವಿಚ್ ಇದ್ರೆ ಮೆಷಿನ್ ತಾನೇ ಓಡೋಕೆ ಶುರು ಮಾಡ್ತದೆ. ಎನ್‌ವಿಆರ್ ಸ್ವಿಚ್ ಅಂತ ಬರ್ತದೆ, ಕರೆಂಟ್ ಹೋದಾಗ ತಾನೇ ಆಫ್ ಆಗಿ ಕೂರ್ತದೆ, ಬಂದ್ಮೇಲೆ ನೀವೇ ಹಸಿರು ಬಟನ್ ಒತ್ಬೇಕು. ಹೊಸ ಮೆಷಿನಲ್ಲಿ ಇದೆಯಾ ಅಂತ ಅಂಗಡೀಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ, ಹಳೇದಕ್ಕೆ ಓವರ್‌ಲೋಡ್ ಇರೋ ಸ್ಟಾರ್ಟರ್ ಹಾಕಿಸಿ. ಮೋಟರ್ ಪೂರಾ ಮುಚ್ಚಿದ, ಹೊರಗಡೆ ಫ್ಯಾನ್ ಇರೋ ಮಾದರೀದು ಇರ್ಲಿ, ಕಿಂಡಿ ಇರೋದ್ರೊಳಗೆ ಮರದ ಹೊಟ್ಟು ತುಂಬ್ಕೊಳ್ತದೆ.

ಈಗ ಆ 18 ಇಂಚಿನ ಹಳೇ ಮೆಷಿನ್. ಹೋಗಿ ನೋಡಿ, ನೋಡೋಕೆ ದುಡ್ಡಿಲ್ಲ. ಆಚಾರ್ರ ಹತ್ರ ಮೊದ್ಲು ಕೇಳ್ಬೇಕಾದ್ದು "ಇದು ನಿಮ್ಮಲ್ಲಿ ಏನೇನು ಕೊಯ್ದಿದೆ, ಎಷ್ಟು ದಿನದಿಂದ ನಿಂತಿದೆ" ಅಂತ. ದಿನಾ ಓಡ್ತಿದ್ದ ಮೆಷಿನ್, ಎರಡು ಮಳೆಗಾಲ ತಟ್ಟಿ ಕೆಳಗೆ ನಿಂತ ಮೆಷಿನಿಗಿಂತ ಮೇಲು. ಆಮೇಲೆ ಮೇನ್ ಆಫ್ ಮಾಡಿ, ಬ್ಲೇಡ್ ಬಿಚ್ಚಿಸಿ, ಮೇಲಿನ ಚಕ್ರ ಕೈಯಲ್ಲಿ ತಿರುಗಿಸಿ ಕಿವಿ ಕೊಡಿ. ಬೇರಿಂಗ್ ಒಳ್ಳೇದಿದ್ರೆ ಶಬ್ದವೇ ಇಲ್ದೆ ತುಂಬ ಹೊತ್ತು ತಿರುಗ್ತದೆ, ಗರಗರ ಅಂದ್ರೆ ಬೇರಿಂಗ್ ಬದಲಿಸ್ಬೇಕು, ಅದು ದೊಡ್ಡ ಖರ್ಚಲ್ಲ. ಚಕ್ರದ ಅಂಚಿಗೆ ಪೆನ್ಸಿಲ್ ತುದಿ ಹತ್ರ ಹಿಡಿದು ಮತ್ತೆ ತಿರುಗಿಸಿ, ಪೆನ್ಸಿಲ್ಲಿಗೂ ಚಕ್ರಕ್ಕೂ ಇರೋ ಸಂದು ಒಂದೇ ಸಮ ಇರ್ಬೇಕು, ಹತ್ರ ದೂರ ಆಗ್ತಿದ್ರೆ ಚಕ್ರ ಸೊಟ್ಟ ಇದೆ ಇಲ್ಲ ಶಾಫ್ಟ್ ಬಾಗಿದೆ. ಎರಡೂ ಕೈಲಿ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಟಕಟ ಅಂದ್ರೆ ಬುಶ್ ಸವೆದಿದೆ. ಶಿವಮೊಗ್ಗದಲ್ಲಿ ಫೌಂಡ್ರಿಗೆ, ಲೇತ್ ವರ್ಕ್‌ಶಾಪಿಗೆ ಬರ ಇಲ್ಲ, ಶಾಫ್ಟು ಬುಶ್ಶು ಹೊಸದಾಗಿ ಮಾಡಿಸ್ಕೋಬೋದು. ಆದ್ರೆ ಬೀಡಿನ ಚಕ್ರದಲ್ಲೇ ಬಿರುಕಿದ್ರೆ, ಅದಕ್ಕೆ ವೆಲ್ಡಿಂಗೋ ಬ್ರೇಜಿಂಗೋ ಮಾಡಿದ ಗಂಟು ಕಂಡ್ರೆ, ಮಾತಾಡದೆ ವಾಪಸ್ ಬನ್ನಿ. ಅದರ ಅಂಚು ಸೆಕೆಂಡಿಗೆ ಹತ್ತಿರತ್ತಿರ 15 ಮೀಟರ್ ಸ್ಪೀಡಲ್ಲಿ ತಿರುಗೋದು. ಚಕ್ರದ ಕಡ್ಡಿಗಳಿಗೆ ಸಣ್ಣ ಸುತ್ತಿಗೇಲಿ ಮೆಲ್ಲಗೆ ತಟ್ಟಿ ನೋಡಿ, ಸರಿ ಇದ್ರೆ ಠಣ್ ಅನ್ನೋ ನಾದ ಬರ್ತದೆ, ಬಿರುಕಿದ್ರೆ ಡಬ್ ಅನ್ನೋ ಮಂದ ಶಬ್ದ.

ಚಕ್ರದ ಮೇಲಿನ ರಬ್ಬರ್ ಟೈರಿಗೆ ಉಗುರು ಒತ್ತಿ, ಒತ್ತಿದ ಕಡೆ ವಾಪಸ್ ಏಳ್ಬೇಕು. ಗಟ್ಟಿಯಾಗಿ ಸೀಳು ಬಿಟ್ಟಿದ್ರೆ ಹೊಸ ಟೈರ್ ಲೆಕ್ಕ ಹಾಕ್ಕೊಳ್ಳಿ. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿರೋದೂ ನೋಡಿದೀನಿ, ಅದ್ರಲ್ಲಿ ಬ್ಲೇಡ್ ಟ್ರ್ಯಾಕ್ ಆಗೋಕೆ, ಅಂದ್ರೆ ಚಕ್ರದ ಮೇಲೆ ಒಂದೇ ಜಾಗದಲ್ಲಿ ಓಡೋಕೆ, ಬೇಕಾದ ನಡುವಿನ ಉಬ್ಬು ಇರಲ್ಲ, ಬ್ಲೇಡ್ ಹಿಂದೆ ಮುಂದೆ ಹರಿದಾಡ್ತದೆ. ಆಮೇಲೆ ಬ್ಲೇಡ್ ವಾಪಸ್ ಹಾಕಿಸಿ, ಮೇಲಿನ ಗೈಡ್ ಇರೋ ಕಂಬೀನ ಪೂರಾ ಮೇಲಿಂದ ಪೂರಾ ಕೆಳಗೆ ತನ್ನಿ, ಬ್ಲೇಡ್ ಪಕ್ಕ ಮೂಲೆಮಟ್ಟ ಇಟ್ಟು ನೋಡಿದ್ರೆ ಗೈಡ್ ಎಲ್ಲಾ ಎತ್ತರದಲ್ಲೂ ಬ್ಲೇಡಿನ ಗೆರೆ ಮೇಲೇ ಇರ್ಬೇಕು, ಇಲ್ಲ ಅಂದ್ರೆ ಮರದ ಎತ್ತರ ಬದಲಾದಾಗೆಲ್ಲ ಗೈಡ್ ಸೆಟ್ ಮಾಡ್ತಾ ಕೂರ್ಬೇಕು, ಜನ್ಮದಲ್ಲಿ ಮುಗಿಯದ ಕೆಲಸ ಅದು.

ಕೊನೇಗೆ ಮೋಟರಿನ ಪ್ಲೇಟ್ ಓದಿ. ಶೆಡ್ಡಿನ ಮೆಷಿನ್ ಅಂದ್ರೆ ತ್ರೀ ಫೇಸೇ ಇರ್ತದೆ, ಅಂದ್ರೆ ನೀವು ಮೋಟರ್ ಬದಲಿಸ್ಬೇಕು ಇಲ್ಲ ತ್ರೀ ಫೇಸ್ ಕನೆಕ್ಷನ್ ತಗೋಬೇಕು. ಸುಟ್ಟ ಮೋಟರ್ ತೆಗೆದು ಕೈಗೆ ಸಿಕ್ಕಿದ್ದು ಕೂರಿಸಿರೋ ಮೆಷಿನ್‌ಗಳೂ ಇರ್ತವೆ, ಅದಕ್ಕೇ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡಿ ಅನ್ನೋದು. 18 ಇಂಚಿನ ಚಕ್ರದ ಸುತ್ತಳತೆ 4.7 ಅಡಿ, ಮರಕ್ಕೆ ಬ್ಲೇಡ್ ಸ್ಪೀಡ್ ನಿಮಿಷಕ್ಕೆ 3000 ಅಡಿ ಆಚೀಚೆ ಇರ್ಬೇಕು, ಅಂದ್ರೆ ಚಕ್ರ 640 ಆರ್‌ಪಿಎಂ ತಿರುಗ್ಬೇಕು. 1440ರ ಮೋಟರಿಗೆ ಲೆಕ್ಕ ಹಾಕಿ ಪುಲ್ಲಿ ಹಾಕಿರ್ತಾರೆ, ಆ ಜಾಗಕ್ಕೆ 2880ರ ಮೋಟರ್ ಬಂದು ಪುಲ್ಲಿ ಹಳೇದೇ ಉಳಿದಿದ್ರೆ ಸ್ಪೀಡ್ ಡಬಲ್. ಹಳೇ ಬೀಡಿನ ಚಕ್ರಕ್ಕೆ ಆ ಸ್ಪೀಡ್ ಅಪಾಯ. ಎಲ್ಲ ಸರಿ ಇದೆ ಅಂತಾದ್ರೆ ಓಡಿಸಿ, ಟೇಬಲ್ ಮೇಲೆ ದಪ್ಪ 5 ರೂಪಾಯಿ ನಾಣ್ಯ ಅಂಚಿನ ಮೇಲೆ ನಿಲ್ಲಿಸಿ, ಅದು ಬೀಳದೆ ನಿಂತ್ರೆ ಬ್ಯಾಲೆನ್ಸ್ ಚೆನ್ನಾಗಿದೆ.

ಇಷ್ಟೆಲ್ಲ ಪಾಸಾದ್ರೂ ನಿಮಗೆ ನಾನು 14 ಅಂತಲೇ ಹೇಳೋದು, ಯಾಕಂದ್ರೆ ಮೋಟರ್ ಬದಲಿಸಿ, ಲೋಕಲ್ ಮೆಷಿನಿನ ಬಾಯಿ ಬಿಟ್ಟ ಚಕ್ರಗಳಿಗೆ ತಗಡಿನ ಮುಚ್ಚಳ ಮಾಡಿಸಿ, ಕೊಟ್ಟಿಗೆ ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಲಾರೀಲಿ ತಂದು ಇಳಿಸೋ ಹೊತ್ತಿಗೆ ಖರ್ಚು ಎಲ್ಲಿಗೋ ಹೋಗಿರ್ತದೆ. ಹೊಸ 14ರ ಅರ್ಧ ರೇಟಿಗೆ ಇಳಿಸಿದ್ರೆ ಮಾತ್ರ ಯೋಚನೆ ಮಾಡಿ.

ಬ್ಲೇಡಿಗೆ ಬರ್ತೀನಿ. ಮೆಷಿನ್ ಜೊತೆ ಡಬ್ಬೀಲಿ ಬರೋ ಬ್ಲೇಡ್ ನೋಡಿ ಮೆಷಿನ್ನನ್ನ ಅಳೀಬೇಡಿ, ಅದು ಸುಮ್ಮನೆ ಓಡ್ತದಾ ಅಂತ ನೋಡೋಕೆ ಇರೋದು. ಶುರುವಿಗೆ ಮೂರು ಸಾಕು. ಸೀಳೋಕೆ ಅರ್ಧ ಇಂಚು ಅಗಲ, ಇಂಚಿಗೆ 3 ಹಲ್ಲಿನದು, ಹುಕ್ ಹಲ್ಲು (ಮುಂದಕ್ಕೆ ಬಾಗಿದ ಹಲ್ಲು). ಮಾಮೂಲಿ ಕೆಲಸಕ್ಕೆ ಮೂರೆಂಟಂಶ (3/8) ಇಂಚು, 6 ಹಲ್ಲು. ಆಟಿಕೆಗೆ, ಕುರ್ಚಿ ಬೆನ್ನಿನ ಬಾಗಿಗೆ ಕಾಲಿಂಚು, 6ರಿಂದ 10 ಹಲ್ಲು. ಹಲ್ಲಿನ ಲೆಕ್ಕ ಸುಲಭ, ಯಾವಾಗ್ಲೂ ಮರದ ಒಳಗೆ ಕಮ್ಮಿ ಅಂದ್ರೆ ಮೂರು ಹಲ್ಲಿರ್ಬೇಕು, ಇಪ್ಪತ್ನಾಲ್ಕು ದಾಟಬಾರ್ದು. 6 ಇಂಚಿನ ತೊಲೆಗೆ 3 ಹಲ್ಲಿಂದು ಹಾಕಿದ್ರೆ 18 ಹಲ್ಲು ಒಳಗಿರ್ತವೆ, ಚೆನ್ನ. ಅದನ್ನೇ ಮುಕ್ಕಾಲಿಂಚಿನ ಹಲಗೆಗೆ ಹಾಕಿದ್ರೆ ಎರಡೇ ಹಲ್ಲು, ಮರ ಹರೀತದೆ, ಬ್ಲೇಡ್ ಕುಣೀತದೆ. ಎತ್ತರದ ತೊಲೆಗೆ ಸಣ್ಣ ಹಲ್ಲಿಂದು ಹಾಕಿದ್ರೆ ಹಲ್ಲಿನ ಸಂದಿಯೊಳಗೆ ಹೊಟ್ಟು ತುಂಬಿ ಆಚೆ ಬರೋಕೆ ಆಗದೆ ಸುಟ್ಟು ಕಪ್ಪು ಮಾಡ್ತದೆ. ಬಾಗು ಕೊಯ್ಯೋಕೆ ಕಾಲಿಂಚಿನ ಬ್ಲೇಡ್ ಐದೆಂಟಂಶ (5/8) ಇಂಚಿನ ರೇಡಿಯಸ್ ತನಕ ತಿರುಗ್ತದೆ, ಅರ್ಧ ಇಂಚಿಂದು ಎರಡೂವರೆ ಇಂಚಿನ ರೇಡಿಯಸ್ಸಿಗೆ ನಿಂತ್ಬಿಡ್ತದೆ, ಒತ್ತಾಯ ಮಾಡಿ ತಿರುಗಿಸಿದ್ರೆ ಬ್ಲೇಡ್ ತಿರುಚಿ ಚಕ್ರದಿಂದ ಜಾರ್ತದೆ.

ಸಾಗವಾನಿಯಲ್ಲಿ ಸಿಲಿಕಾ ಇರ್ತದೆ, ಬೀಟೆಯಲ್ಲಿ ಸುಣ್ಣದಂಥ ಗಟ್ಟಿ ಕಣ ಸಿಗ್ತವೆ, ಎರಡೂ ಕಾರ್ಬನ್ ಸ್ಟೀಲ್ ಬ್ಲೇಡನ್ನ ಬೇಗ ಮೊಂಡು ಮಾಡ್ತವೆ. ನಿಮ್ಮ ಅಟ್ಟದಲ್ಲಿ ಅವು ಜಾಸ್ತಿ ಇದ್ರೆ ಸೀಳೋ ಬ್ಲೇಡ್ ಒಂದು ಬೈಮೆಟಲ್ (ಎರಡು ಲೋಹ ಬೆಸೆದದ್ದು) ತಗೊಳ್ಳಿ, ಅದಕ್ಕೆ ಬಿಗಿ ಇನ್ನೂ ಜಾಸ್ತಿ ಬೇಕು ಅನ್ನೋದು ನೆನಪಿರ್ಲಿ. ಹೊನ್ನೆ ಹಲಸು ಎರಡರಲ್ಲೂ ಅಂಟು, ಹಲ್ಲಿನ ಮೇಲೆ ಕಂದು ಪದರ ಕಟ್ತದೆ, ಬ್ಲೇಡ್ ಮೊಂಡಾಯ್ತು ಅಂತ ಎಸೆಯೋ ಮುಂಚೆ ಬಿಚ್ಚಿ ಸೀಮೆಎಣ್ಣೇಲಿ ನೆನೆಸಿ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ ನೋಡಿ, ಎಷ್ಟೋ ಸಲ ಹೊಸದರ ಥರ ಕೊಯ್ತದೆ. ಇನ್ನೊಂದು ಮುಖ್ಯ ವಿಷಯ ಬ್ಲೇಡಿನ ಉದ್ದ. 93.5 ಇಂಚು ಅಂದ್ರೆ 2375 ಎಂಎಂ, ಇದು ಎಲ್ಲ ಕಡೆ ಸಿಗೋ ಅಳತೆ. ವಿಚಿತ್ರ ಉದ್ದ ಕೇಳೋ ಮೆಷಿನ್ ತಗೊಂಡ್ರೆ ಪ್ರತಿ ಸಲ ವೆಲ್ಡ್ ಮಾಡಿಸ್ಬೇಕು. ಸಾಮಿಲ್ಲಿನ ಬ್ಲೇಡ್ ಬೆಸೆಯೋರು ಅಗಲದ ಬ್ಲೇಡ್ ಮಾಡೋರು, ಕಾಲಿಂಚಿಂದು ಮಾಡ್ತಾರಾ ಅಂತ ಮೊದ್ಲೇ ಕೇಳಿಟ್ಕೊಳ್ಳಿ. ಬೆಸುಗೆ ಸರಿ ಇಲ್ಲ ಅಂದ್ರೆ ಓಡುವಾಗ ಗೈಡಿನ ಹತ್ರ ಟಿಕ್ ಟಿಕ್ ಅಂತ ಒಂದೇ ತಾಳದಲ್ಲಿ ಕೇಳಿಸ್ತದೆ, ಅಂಥ ಬ್ಲೇಡ್ ವಾಪಸ್ ಕೊಡಿ.

ಹಳೇ ಮನೆ ಮರ ಅಂದ್ರೆ ಮೊಳೆ. ಹೊರಗೆ ಕಾಣೋ ಮೊಳೆ ಎಲ್ಲರೂ ಕೀಳ್ತಾರೆ, ತಲೆ ಮುರಿದು ಒಳಗೇ ಉಳಿದದ್ದು ಬ್ಲೇಡ್ ತಿನ್ನೋದು. ತೊಲೆಯ ಮೇಲಿನ ಹೊಗೆಯ ಕರಿ ವೈರ್ ಬ್ರಶ್ಶಲ್ಲಿ ಉಜ್ಜಿ ತೆಗೆದು, ಒದ್ದೆ ಬಟ್ಟೇಲಿ ಒರೆಸಿ, ಓರೆ ಬೆಳಕಲ್ಲಿ ನೋಡಿ. ಕಬ್ಬಿಣ ಇದ್ದ ಕಡೆ ಮರದ ಒಗರು ಸೇರಿ ನೀಲಿ-ಕಪ್ಪು ಕಲೆ ಆಗಿರ್ತದೆ, ಮತ್ತಿ ಹೊನ್ನೇಲಿ ಅದು ಎಳೆ ಗುಂಟ ಉದ್ದಕ್ಕೆ ಹರಡಿ, ನಡುವೆ ಒಂದು ಚುಕ್ಕಿ ಗಾಢ ಇರ್ತದೆ. ಆ ಚುಕ್ಕೀಲಿ ಮೊಳೆ ಇದೆ. ಜಂತಿ ಕೂತಿದ್ದ ಕಚ್ಚು, ರೀಪು ಹೊಡೆದ ಅಂಚು, ಫೋಟೋ ತೂಗಿಸ್ತಿದ್ದ ಮುಖ, ಈ ಮೂರು ಕಡೆ ಎರಡೆರಡು ಸಲ ನೋಡಿ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟು ದಾರಕ್ಕೆ ಕಟ್ಟಿ ಮೇಲೆ ಆಡಿಸಿದ್ರೆ ಮೇಲ್ಮೇಲಿನ ಕಬ್ಬಿಣ ಸಿಕ್ತದೆ, ಆಳದ್ದಕ್ಕೆ ಕೈಲಿ ಹಿಡಿಯೋ ಮೆಟಲ್ ಡಿಟೆಕ್ಟರೇ ಬೇಕು, ನಿಮ್ಮಷ್ಟು ಹಳೇ ಮರ ಇದ್ದೋರಿಗೆ ಅದು ದಂಡದ ಖರ್ಚಲ್ಲ. ಒಂದು ಮೊಳೆ ಸವರಿದ್ರೂ ಒಂದು ಪಕ್ಕದ ಹಲ್ಲು ಮೊಂಡಾಗಿ ಬ್ಲೇಡ್ ಇನ್ನೊಂದು ಪಕ್ಕಕ್ಕೆ ಎಳೆಯೋಕೆ ಶುರು ಮಾಡ್ತದೆ, ಆಮೇಲೆ ಜನ ಫೆನ್ಸ್ (ಮರ ಒರಗಿಸಿ ನೇರ ತಳ್ಳೋ ಪಟ್ಟಿ) ಸರಿ ಇಲ್ಲ ಅಂತ ಅದನ್ನ ತಿರುಗಿಸ್ತಾ ಕೂರ್ತಾರೆ.

ಗೈಡ್ ಸೆಟ್ಟಿಂಗ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮೊದ್ಲು ಗೈಡ್ ಎಲ್ಲ ಹಿಂದೆ ಸರಿಸಿ ಬ್ಲೇಡ್ ಬಿಗಿ ಮಾಡಿ, ಚಕ್ರ ಕೈಲಿ ತಿರುಗಿಸ್ತಾ ಟ್ರ್ಯಾಕಿಂಗ್ ಸರಿ ಮಾಡಿ, ಆಮೇಲೆ ಪಕ್ಕದ ಗೈಡನ್ನ ಒಂದು ಕಾಗದ ನುಸುಳೋಷ್ಟು ಸಂದು ಬಿಟ್ಟು ತನ್ನಿ, ಹಲ್ಲಿಗೆ ತಾಗಬಾರ್ದು, ಹಿಂದಿನ ಬೇರಿಂಗ್ ಬ್ಲೇಡಿನ ಬೆನ್ನಿಂದ ಅರ್ಧ ಎಂಎಂ ಒಳಗೆ ಇರ್ಲಿ, ಕೊಯ್ಯುವಾಗ ಮಾತ್ರ ತಾಗಿ ತಿರುಗ್ಬೇಕು. ಕೊಯ್ಯೋ ಮರದ ಮೇಲಿಂದ ಅರ್ಧ ಇಂಚಿನ ಒಳಗೇ ಮೇಲಿನ ಗೈಡ್ ಇಳಿಸಿ, ಕೊಯ್ತ ನೇರ ಬರೋಕೂ ಕೈ ಉಳಿಯೋಕೂ ಅದೇ ದಾರಿ. ಬೆರಳು ಯಾವತ್ತೂ ಬ್ಲೇಡಿನ ನೇರಕ್ಕೆ ಬೇಡ, ಕೊನೇ ಮೂರು ನಾಲ್ಕು ಇಂಚನ್ನ ರೀಪಿನ ತುಂಡಲ್ಲಿ ತಳ್ಳಿ. ಗುಂಡಗಿನ ಕೊಂಬೆ ಹಾಗೇ ಟೇಬಲ್ ಮೇಲೆ ಇಟ್ಟು ಅಡ್ಡ ಕೊಯ್ಯೋಕೆ ಹೋದ್ರೆ ಬ್ಲೇಡ್ ಅದನ್ನ ಉರುಳಿಸಿ ಕೈ ಸಮೇತ ಎಳ್ಕೊಳ್ತದೆ, ವಿ ಆಕಾರದ ತೊಟ್ಟಿಲು ಮಾಡಿ ಅದ್ರಲ್ಲಿ ಕೂರಿಸಿಯೇ ಕೊಯ್ಯಿರಿ. ಮೂಗಿಗೆ ಎನ್95 ಮಾಸ್ಕ್ ಹಾಕ್ಲೇಬೇಕು, ಮರದ ಧೂಳು ಕ್ಯಾನ್ಸರ್ ತರೋ ಪಟ್ಟಿಯಲ್ಲಿ ಇರೋದು, ಬೀಟೆ ಧೂಳಿಗೆ ತುಂಬ ಜನಕ್ಕೆ ಮೈ ತುರಿಕೆನೂ ಬರ್ತದೆ. ಬ್ಯಾಂಡ್‌ಸಾ ಮುಟ್ಟೇ ಇಲ್ಲ ಅಂತಾದ್ರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೇಲಿ ಮರಗೆಲಸದ ತರಬೇತಿ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಇಲ್ಲ ಅಂದ್ರೆ ಆ ಶಿವಮೊಗ್ಗದ ಆಚಾರ್ರನ್ನೇ ಒಂದು ದಿನ ಮನೆಗೆ ಕರೆದು ಊಟ ಹಾಕಿ ಕಲೀರಿ.

ಮಳೆಗಾಲ ಶುರುವಾದ್ರೆ ಬೀಡಿನ ಟೇಬಲ್ ಮೇಲೆ ಒಂದೇ ರಾತ್ರೀಲಿ ಕೆಂಪು ತುಕ್ಕು ಕೂರ್ತದೆ. ಮೇ ತಿಂಗಳಲ್ಲೇ ಉಜ್ಜಿ ಒಣಗಿಸಿ ಪೇಸ್ಟ್ ವ್ಯಾಕ್ಸ್ ಹಚ್ಚಿ, ಅದಿಲ್ಲ ಅಂದ್ರೆ ಮೇಣದಬತ್ತಿ ತಿಕ್ಕಿ ಬಟ್ಟೇಲಿ ಒರೆಸಿ, ಎಣ್ಣೆ ಹಚ್ಚಿದ್ರೆ ಮರಕ್ಕೆ ಕಲೆ ಆಗಿ ಆಮೇಲೆ ಪಾಲಿಶ್ ಹಿಡಿಯಲ್ಲ. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಇಳಿಸಿ, ಇಲ್ದಿದ್ರೆ ಟೈರಲ್ಲಿ ಗುಳಿ ಬೀಳ್ತದೆ, ಸ್ಪ್ರಿಂಗ್ ಸೋಲ್ತದೆ. ವಾರಗಟ್ಟಲೆ ಓಡಿಸಲ್ಲ ಅಂದ್ರೆ ಬ್ಲೇಡ್ ಬಿಚ್ಚಿ ತೆಳ್ಳಗೆ ಎಣ್ಣೆ ಸವರಿ ಸುರುಳಿ ಮಾಡಿ ಒಲೆ ಹತ್ರದ ಗೋಡೆಗೆ ತೂಗಿಸಿ. ಮತ್ತೆ ತೊಲೆ ಸೀಳಿದ ತಕ್ಷಣ ಅಳತೆಗೆ ಪ್ಲೇನ್ ಮಾಡ್ಬೇಡಿ. ಎಷ್ಟು ಹಳೇ ತೊಲೆ ಆದ್ರೂ ಒಳಗಿನ ಮರಕ್ಕೆ ಮೊದಲ ಸಲ ಗಾಳಿ ತಾಗೋದು, ಒಳಗಿನ ಎಳೆತ ಬಿಚ್ಚಿ ಹಲಗೆ ಬಾಗ್ತದೆ. ಕಾಲಿಂಚು ಜಾಸ್ತಿ ದಪ್ಪ ಸೀಳಿ, ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿ, ಮೇಲೆ ಭಾರ ಇಟ್ಟು ಎರಡು ಮೂರು ವಾರ ಬಿಟ್ಟು ಆಮೇಲೆ ಅಳತೆಗೆ ತನ್ನಿ.

ದುಡ್ಡು ಕೊಡೋ ಮುಂಚೆ ಒಂದು ಸಲ ನಿಮ್ಮ ವಲಯ ಅರಣ್ಯಾಧಿಕಾರಿ ಆಫೀಸಿಗೆ ಹೋಗಿ ಬನ್ನಿ. ಸಾಮಿಲ್ಲಿಗೆ ಲೈಸೆನ್ಸ್ ಬೇಕು, ಬ್ಯಾಂಡ್‌ಸಾ ಅಂದ ತಕ್ಷಣ ಇಲಾಖೆಯೋರ ಕಣ್ಣು ಅಲ್ಲಿಗೇ ಹೋಗ್ತದೆ. ಮನೆಬಳಕೆಯ ಸಣ್ಣ ಮೆಷಿನ್ನು, ದಿಮ್ಮಿ ಕೊಯ್ಯಲ್ಲ, ಹೊರಗಿನೋರ ಮರ ಕೊಯ್ದು ಕೊಡಲ್ಲ, ಹಳೇ ಮನೆ ಮರ ಮಾತ್ರ ಅಂತ ಮೆಷಿನಿನ ಸೈಜ್ ಸಮೇತ ಬರೆದುಕೊಟ್ಟು, ಅವ್ರ ಉತ್ತರಾನೂ ಬರವಣಿಗೆಯಲ್ಲೇ ಕೇಳಿ ಇಸ್ಕೊಳ್ಳಿ. ಮನೆ ಬಿಚ್ಚುವಾಗ ತೆಗೆದ ಫೋಟೋ, ಪಂಚಾಯ್ತಿ ಕಾಗದ ಏನಿದ್ರೂ ಒಟ್ಟಿಗೆ ಇಟ್ಟಿರಿ, ಅದ್ರಲ್ಲೂ ಬೀಟೆ ಸಾಗವಾನಿ ಇದ್ರೆ. ಮುಂದೆ ತೋಟದ ಹಲಸೋ ಮಾವೋ ಕಡಿಸೋದಾದ್ರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕಡಿಯೋ ಮುಂಚೆ ಅದನ್ನೂ ಅಲ್ಲೇ ಕೇಳ್ಕೊಳ್ಳಿ, ದಿಮ್ಮೀನ ಲೈಸೆನ್ಸ್ ಇರೋ ಸಾಮಿಲ್ಲಿಗೇ ಹಾಕಿ ದಪ್ಪ ಹಲಗೆ ಮಾಡಿಸಿ ಮನೆಗೆ ತನ್ನಿ.

ಅಟ್ಟದ ಮರದ ಅಳತೆ, ಕಾಯಿಲ್ ಹಾಕಿದಾಗ ಇಳಿದ ವೋಲ್ಟೇಜು, ಇವೆರಡು ಬರೆದು ಕಳಿಸಿ. ಒಂದೂವರೆ ಎಚ್‌ಪಿ ಸಾಕಾ, ನಿಮ್ಮ ಲೈನ್ ಎರಡು ಎಚ್‌ಪಿ ತಡೀತದಾ ಅಂತ ಆಗ ಖಚಿತವಾಗಿ ಹೇಳ್ತೀನಿ.